ಎರಡು ಗ್ರೇನಿನ ರೇಕು

ಆ ಬೀದಿಯವರೆಲ್ಲ ಅವರನ್ನು ‘ತಕ್ಕಡಿಯವರು’ ಎಂದೇ ಕರೆಯುತ್ತಿದ್ದರು. ವಸ್ತುಸಂಗ್ರಹಾಲಯದ ನಾಣ್ಯವಿಭಾಗದಲ್ಲಿ ಮೂವತ್ತೆರಡು ವರ್ಷ ತೂಗುವ ಕೆಲಸ ಮಾಡಿ, ನಿವೃತ್ತರಾಗಿ ಹದಿನಾರು ವರ್ಷ ಕಳೆದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಹೆಸರು ಬಿಟ್ಟರೂ ಅಭ್ಯಾಸ ಬಿಡಬೇಕಲ್ಲ! ಕೈಗೆ ಏನು ಕೊಟ್ಟರೂ ಅಂಗೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿ ತೂಕ ಹೇಳುವರು. ಮಗಳ ಬೇಕರಿಯ ಮೇಲಿನ ಮಹಡಿಯಲ್ಲಿ ಎಲ್ಲರೂ ಒಟ್ಟಿಗೆ ವಾಸ. ಬೆಳಿಗ್ಗೆ ಮೆಟ್ಟಿಲಿಳಿದು ಬಂದು, ಆಗತಾನೇ ಒಲೆಯಿಂದ ತೆಗೆದ ಬನ್ನೊಂದನ್ನು ಕೈಗೆತ್ತಿಕೊಂಡು, “ನಿನ್ನೆಯದಕ್ಕಿಂತ ಆರು ಗ್ರಾಂ ಕಡಿಮೆ” ಎನ್ನುವರು.

“ಅಪ್ಪಾ, ಗಿರಾಕಿಗಳ ಮುಂದೆ ಹೇಳ್ಬೇಡ ಅಂತ ಎಷ್ಟು ಸಲ ಹೇಳ್ಲಿ? ನಾನು ಹಿಟ್ಟನ್ನ ಕಣ್ಣಂದಾಜಲ್ಲೇ ಕಿತ್ತಿಡೋಳು.”

“ಅದೇ ನನ್ನ ಕೊರಗು. ತಕ್ಕಡಿಯವನ ಹೊಟ್ಟೇಲಿ ಅಂದಾಜಿನ ಮಗಳು ಹುಟ್ಟಿದ್ಲು.”

“ಹೊಟ್ಟೆ ನಂದು” ಎಂದು ಮಹಡಿಯಿಂದ ಹೆಂಡತಿಯ ದನಿ ಕೇಳುವುದು. “ನೀವು ಆಗ ಗೂಬೆ ತೂಗ್ತಾ ಕೂತಿದ್ರಿ.”

ಗಿರಾಕಿಗಳು ನಗುವರು. ಗೂಬೆ ಎಂದರೆ ಏನು, ಅದನ್ನು ಯಾಕೆ ತೂಗಬೇಕು ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಕೇಳಿದ್ದರೆ ತಕ್ಕಡಿಯವರು ಬನ್ನು ಆರುವಷ್ಟು ಹೊತ್ತು ಹೇಳುತ್ತಿದ್ದರು.

ಅವರ ತಂದೆಗೆ ತಕ್ಕಡಿ ರಿಪೇರಿಯ ಸಣ್ಣ ಅಂಗಡಿಯಿತ್ತು. ಬಾಗಿದ ದಂಡ ನೆಟ್ಟಗೆ ಮಾಡುವುದು, ಸವೆದ ತೂಕದ ಬಟ್ಟುಗಳಿಗೆ ಸೀಸ ತುಂಬುವುದು, ಇಂಥವು. ಒಂದು ದಿನ ವಸ್ತುಸಂಗ್ರಹಾಲಯದಿಂದ ಹೇಳಿಕಳುಹಿಸಿದರು: ಗಾಜಿನ ಗೂಡಿನೊಳಗೆ ಕೂರುವ ಸೂಕ್ಷ್ಮ ತಕ್ಕಡಿಯ ಮುಳ್ಳು ನಡುವೆ ನಿಲ್ಲುತ್ತಿಲ್ಲ. ತಂದೆಗೆ ಜ್ವರ, ಮಗ ಹೋದರು. ಅರ್ಧ ದಿನ ತಕ್ಕಡಿಯ ಮುಂದೆ ಸುಮ್ಮನೆ ಕೂತು ನೋಡಿ, ಆಮೇಲೆ ಹತ್ತೇ ನಿಮಿಷದಲ್ಲಿ ಸರಿ ಮಾಡಿದರು. ನಾಣ್ಯವಿಭಾಗದ ಹಿರಿಯರು ಅದನ್ನು ಕಂಡು, “ಮುಟ್ಟೋದಕ್ಕೆ ಮುಂಚೆ ಇಷ್ಟು ಹೊತ್ತು ನೋಡೋನು ನಮಗೆ ಬೇಕು” ಎಂದು ಅಲ್ಲೇ ಕೆಲಸ ಕೊಟ್ಟರು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ತಕ್ಕಡಿಯವರು ತೂಕದ ಕೋಣೆಗೆ ಮೂರು ಕಟ್ಟಳೆಗಳನ್ನು ಮಾಡಿ ಗೋಡೆಗೆ ಅಂಟಿಸಿದರು. ಒಳಗೆ ತಿನ್ನಬಾರದು. ಮುಳ್ಳು ಆಡುತ್ತಿರುವಾಗ ಮಾತಾಡಬಾರದು. ತಕ್ಕಡಿಯ ತಟ್ಟೆಯನ್ನು ಅದರ ಚೌಕಟ್ಟಿನಿಂದ ಎತ್ತಬಾರದು. ಈ ಮೂರನೆಯದು ಎಷ್ಟು ಗಟ್ಟಿಯಾಗಿತ್ತೆಂದರೆ, ಕೋಣೆ ಗುಡಿಸುವವಳು ಧೂಳು ಒರೆಸುವಾಗ ತಕ್ಕಡಿ ಇದ್ದ ಮೇಜಿಗೆ ಬೆನ್ನು ತಿರುಗಿಸಿಕೊಂಡೇ ಹಾದುಹೋಗುತ್ತಿದ್ದಳು.

ಹೀಗೆ ಹತ್ತು ವರ್ಷ ಕಳೆದ ಮೇಲೆ ಒಬ್ಬ ವ್ಯಾಪಾರಿಯ ಮನೆಯವರು ಒಂದು ಪೆಟ್ಟಿಗೆ ತಂದು ಒಪ್ಪಿಸಿದರು. ಒಳಗೆ ಎರಡು ಸಾವಿರದ ಇನ್ನೂರ ಹನ್ನೆರಡು ಪ್ರಾಚೀನ ಗ್ರೀಕ್ ಬೆಳ್ಳಿ ನಾಣ್ಯಗಳು. ಒಂದರ ಮೇಲೆ ಗೂಬೆ, ಒಂದರ ಮೇಲೆ ಆಮೆ, ಇನ್ನೊಂದರ ಮೇಲೆ ರೆಕ್ಕೆಯ ಕುದುರೆ. ಗ್ರೀಕರಿಗೆ ದ್ರಾಕ್ಮ ಎನ್ನುವುದು ನಾಣ್ಯದ ಹೆಸರೂ ಹೌದು, ತೂಕದ ಹೆಸರೂ ಹೌದು. ಆದರೆ ಊರಿಗೊಂದು ದ್ರಾಕ್ಮ. ಗೂಬೆಯ ಊರಿನಲ್ಲಿ ಅದು ನಾಲ್ಕು ಗ್ರಾಂ ಮೇಲೆ ಚೂರು. ಆಮೆಯ ಊರಿನಲ್ಲಿ ಆರು ಗ್ರಾಂ ದಾಟುವುದು. ಕುದುರೆಯ ಊರಿನಲ್ಲಿ ಮೂರನ್ನೂ ಮುಟ್ಟದು. ಹೀಗಾಗಿ ಚಿತ್ರ ಸವೆದು ನುಣ್ಣಗಾದ ನಾಣ್ಯವೂ ತನ್ನ ಊರನ್ನು ತೂಕದಲ್ಲೇ ಹೇಳಿಬಿಡುತ್ತದೆ. ತೂಕ ತಪ್ಪಾದರೆ ಊರೇ ತಪ್ಪುತ್ತದೆ.

ತೊಡಕು ಎಲ್ಲಿತ್ತೆಂದರೆ, ವಸ್ತುಸಂಗ್ರಹಾಲಯದ ಬಟ್ಟುಗಳ ಪೆಟ್ಟಿಗೆ ಹಳೆಯದು, ಗ್ರೇನಿನ ಲೆಕ್ಕದ್ದು. ಸುಮಾರು ಹದಿನೈದೂವರೆ ಗ್ರೇನು ಸೇರಿದರೆ ಒಂದು ಗ್ರಾಂ. ಹಿರಿಯರು, “ತೂಕವೆಲ್ಲ ಗ್ರಾಮಿನಲ್ಲಿ ಬೇಕು” ಎಂದರು. ಪ್ರತಿಯೊಂದನ್ನೂ ೦.೦೬೪೮ರಿಂದ ಗುಣಿಸಬೇಕು. ತಕ್ಕಡಿಯವರು ತೂಗುವುದರಲ್ಲಿ ಹುಲಿ, ಗುಣಾಕಾರದಲ್ಲಿ ಇಲಿ. ಮೊದಲ ದಿನದ ಹನ್ನೆರಡು ನಾಣ್ಯಗಳನ್ನು ಗುಣಿಸುವಷ್ಟರಲ್ಲಿ ಬೆವರಿಳಿದು, ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದರು.

ಹೆಂಡತಿ ಶಾಲೆಯಲ್ಲಿ ಲೆಕ್ಕದಲ್ಲಿ ಯಾರಿಗೂ ಸೋತವರಲ್ಲ. ಮುಂದೆ ಓದಿಸಲಿಲ್ಲ, ಅಷ್ಟೆ. ಚೀಟಿಗಳನ್ನು ನೋಡಿ, “ಇಷ್ಟಕ್ಕೆ ಇಷ್ಟು ಮುಖ ಯಾಕೆ?” ಎಂದರು. “ಅರವತ್ತೈದರಿಂದ ಗುಣಿಸಿ. ಮೊದಲಿನ ಸಂಖ್ಯೆಯ ಐದನೇ ಒಂದು ಭಾಗ ಕಳೀರಿ. ಮಿಲಿಗ್ರಾಂ ಬಂತು. ಸಾವಿರದಿಂದ ಭಾಗಿಸಿದ್ರೆ ಗ್ರಾಂ. ಮುಗೀತಲ್ಲ!”

ಮುಗಿಯಲಿಲ್ಲ, ಅಲ್ಲಿಂದ ಶುರುವಾಯಿತು. ಹನ್ನೊಂದು ತಿಂಗಳು ಪ್ರತಿ ಸಂಜೆ ಚೀಟಿಗಳು ಮನೆಗೆ ಬಂದವು. ಮರುದಿನ ಮಧ್ಯಾಹ್ನ ಆಕೆ ಅಡಿಗೆಮನೆಯ ಕಿಟಕಿಯ ಬಳಿ ಕೂತು, ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಗ್ರೇನು, ಬಲಕ್ಕೆ ಗ್ರಾಂ, ಮೇಲೆ ತೂಗಿದ ದಿನಾಂಕ ಹಾಕಿ ಬರೆದರು. ತಕ್ಕಡಿಯವರು ಗ್ರಾಮುಗಳನ್ನು ಮಾತ್ರ ಕಚೇರಿಯ ದಪ್ಪ ಪುಸ್ತಕಕ್ಕೆ ಇಳಿಸಿ ಚೀಟಿಗಳನ್ನು ಹರಿದುಹಾಕುವರು. ಹಿರಿಯರಿಗೆ ಇದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ಆಕೆ ಮಾತ್ರ ಒಂದು ನಾಣ್ಯವನ್ನೂ ಕಣ್ಣಾರೆ ನೋಡಲಿಲ್ಲ. ಕೋಣೆಯೊಳಗೆ ಹೊರಗಿನವರು ಹೋಗುವಂತಿರಲಿಲ್ಲ, ನಾಣ್ಯಗಳನ್ನು ನಾಲ್ಕು ದಿನ ಜನರಿಗೆ ತೋರಿಸಲು ಇಟ್ಟ ಕಾಲಕ್ಕೆ ಆಕೆ ಬಸುರಿ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಗರ್ಭ. ವೈದ್ಯರು ಮೆಟ್ಟಿಲು ಹತ್ತಬೇಡಿ ಎಂದಿದ್ದರು. ನಾಣ್ಯಗಳು ಆಕೆಗೆ ಬರೀ ತೂಕವಾಗಿಯೇ ಪರಿಚಯ. “ಇವತ್ತಿನ ಆಮೆ ತುಂಬಾ ದಪ್ಪ ಕಣ್ರೀ” ಎನ್ನುವರು, ನೆರೆಮನೆಯ ಮಗುವಿನ ಮಾತಾಡುವಂತೆ.

ಮಗಳು ಹುಟ್ಟಿದಾಗ ಆಸ್ಪತ್ರೆಯ ದಾದಿ, “ಎರಡು ಕಿಲೋ ಒಂಬೈನೂರು” ಎಂದಳಂತೆ. ಆಕೆ ಮಲಗಿದ್ದಲ್ಲೇ ಕಣ್ಣು ಮುಚ್ಚಿ ಲೆಕ್ಕ ಹಾಕಿ, ಗಂಡನಿಗೆ, “ಗೂಬೆಯ ಲೆಕ್ಕದಲ್ಲಿ ಆರುನೂರ ಎಪ್ಪತ್ತನಾಲ್ಕು ದ್ರಾಕ್ಮ” ಎಂದರು. ಅಂದಿನಿಂದ ಮಗುವಿಗೆ ಮನೆಯಲ್ಲಿ ‘ಗೂಬೆಮರಿ’ ಎಂದೇ ಹೆಸರು. ಬೇರೆಯವರು ಕೇಳಿದರೆ ಬೈಗುಳ, ಆ ಮನೆಯಲ್ಲಿ ಮುದ್ದು.

ಇದೆಲ್ಲ ಮೂವತ್ತೆಂಟು ವರ್ಷದ ಹಿಂದಿನ ಮಾತು.

ಒಂದು ಮಂಗಳವಾರ ವಸ್ತುಸಂಗ್ರಹಾಲಯದಿಂದ ಫೋನು ಬಂತು. ನಾಣ್ಯವಿಭಾಗಕ್ಕೆ ಹೊಸ ಅಧಿಕಾರಿ ಬಂದಿದ್ದಾಳೆ, ಒಮ್ಮೆ ಬಂದು ಹೋಗಬೇಕಂತೆ. ತಕ್ಕಡಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಅವರ ಹಳೆಯ ತಕ್ಕಡಿ ಈಗ ಗಾಜಿನ ಗೂಡಿನ ಸಮೇತ ಓಣಿಯಲ್ಲಿ ಪ್ರದರ್ಶನಕ್ಕಿತ್ತು. ಅದಕ್ಕೊಂದು ಬೀಗ. ಹಳೆಯ ಗೆಳೆಯನಿಗೆ ತಲೆಯಾಡಿಸುವಂತೆ ಅದಕ್ಕೆ ತಲೆಯಾಡಿಸಿ ಒಳಗೆ ಹೋದರು.

ಅಧಿಕಾರಿ ಅವರ ಮಗಳಿಗಿಂತ ಹತ್ತು ವರ್ಷ ಚಿಕ್ಕವಳು. ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು. ಮೇಜಿನ ಮೇಲೆ ಅಂಗೈಯಗಲದ ವಿದ್ಯುತ್ ತಕ್ಕಡಿ; ನಾಣ್ಯ ಇಟ್ಟರೆ ಅಂಕಿ ತಾನೇ ಹೊಳೆಯುತ್ತದೆ.

“ಸರ್, ಗ್ರೀಕ್ ನಾಣ್ಯಗಳ ಹೊಸ ಸೂಚಿ ಅಚ್ಚಿಗೆ ಹೋಗ್ತಿದೆ. ಎಲ್ಲಾ ಮತ್ತೆ ತೂಗಿಸ್ದೆ. ನಿಮ್ಮ ತೂಕ ನೋಡಿ ನನಗೆ ಮೈ ಜುಮ್ಮೆಂತು. ಆ ಕಾಲದಲ್ಲಿ ಇಷ್ಟು ನಿಖರವಾಗಿ! ಆದ್ರೆ...” ಎಂದು ಒಂದು ಹಾಳೆ ಮುಂದಿಟ್ಟಳು. “ಈ ಹದಿನೇಳು. ಎಲ್ಲಾ ಈಗ ಹೆಚ್ಚು ತೂಗ್ತಿವೆ. ನಿಮ್ಮ ಪುಸ್ತಕದಲ್ಲಿ ೪.೧೭ ಇರೋದು, ಈಗ ೪.೩೦.”

“ಹೆಚ್ಚಾ?”

“ಅದೇ ಸರ್. ನಾಣ್ಯ ಸವೆಯುತ್ತೆ, ಬೆಳೆಯಲ್ಲ.”

ತಕ್ಕಡಿಯವರು ಹಾಳೆಯನ್ನು ನೋಡಿದರು. ಅಂಕಿಗಳು ಅವರಿಗೆ ಗುರುತಿದ್ದವು, ಹಳೆಯ ವಿದ್ಯಾರ್ಥಿಗಳ ಹಾಗೆ.

“ಹದಿನೇಳು ತಪ್ಪಿದ್ರೆ ಉಳಿದದ್ದನ್ನ ಹೇಗೆ ನಂಬೋದು ಅಂತ ಸಂಪಾದಕ ಮಂಡಳಿಯವರು ಕೇಳ್ತಾರೆ. ಹಳೆಯ ತೂಕದ ಸಾಲನ್ನೇ ಕೈಬಿಟ್ಟು, ‘ಹಿಂದಿನ ತೂಕಗಳು ನಂಬಲರ್ಹವಲ್ಲ’ ಅಂತ ಒಂದು ಟಿಪ್ಪಣಿ ಹಾಕಿ ಅಂತಾರೆ. ನನಗೂ ಬೇಜಾರು ಸರ್. ಯಾಕಂದ್ರೆ ಆ ಮೂವತ್ತೊಂದು ಇವೆಯಲ್ಲ?”

ಆ ಮೂವತ್ತೊಂದರ ವಿಚಾರ ತಕ್ಕಡಿಯವರಿಗೆ ಚೆನ್ನಾಗಿ ಗೊತ್ತಿತ್ತು. ತೂಕವೆಲ್ಲ ಮುಗಿದ ಮೇಲೆ ವ್ಯಾಪಾರಿಯ ಮೊಮ್ಮಕ್ಕಳು ತಮ್ಮ ಪಾಲೆಂದು ಮೂವತ್ತೊಂದು ನಾಣ್ಯಗಳನ್ನು ಹಿಂದಕ್ಕೆ ಒಯ್ದರು. ಅವು ಕೈಯಿಂದ ಕೈಗೆ ಹೋಗಿ ಎಲ್ಲೆಲ್ಲೋ ಚದುರಿಹೋದವು. ಅವುಗಳ ತೂಕ ಇಡೀ ಲೋಕದಲ್ಲಿ ಉಳಿದಿದ್ದು ಒಂದೇ ಕಡೆ: ಆ ಹಳೆಯ ಸಾಲಿನಲ್ಲಿ.

“ಅವುಗಳ ಎದುರು ಖಾಲಿ ಬಿಡ್ಬೇಕಾಗುತ್ತೆ. ಸೋಮವಾರ ಅಚ್ಚಿಗೆ ಕೊಡ್ತೀನಿ. ಅಷ್ಟರಲ್ಲಿ ನಿಮಗೇನಾದ್ರೂ ಕಾರಣ ಹೊಳೆದ್ರೆ, ದಯವಿಟ್ಟು ಹೇಳಿ. ನಿಮ್ಮ ಮೂಲ ಚೀಟಿಗಳು ಇದ್ದಿದ್ರೆ ತೂಗೋದ್ರಲ್ಲಿ ತಪ್ಪಾ, ಗುಣಿಸೋದ್ರಲ್ಲಿ ತಪ್ಪಾ ಅಂತ ಗೊತ್ತಾಗ್ತಿತ್ತು.”

ತಕ್ಕಡಿಯವರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಬರುವ ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ಕೊರೆಯಿತು. ತೂಗುವುದರಲ್ಲಿ ನಾನು ತಪ್ಪುವವನಲ್ಲ. ಹಾಗಾದರೆ ಉಳಿದದ್ದು ಗುಣಾಕಾರ. ಹಾಗೆ ಯೋಚಿಸಿದ್ದಕ್ಕೇ ನಾಚಿಕೆಯಾಗಿ, ಬಸ್ಸಿನಲ್ಲಿ ಪಕ್ಕದವರಿಗೆ ಕೇಳುವಂತೆ ನಿಟ್ಟುಸಿರುಬಿಟ್ಟರು. ಹನ್ನೊಂದು ತಿಂಗಳು, ಬಸುರಿ, ಆಮೇಲೆ ಬಾಣಂತಿ, ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಪೆನ್ಸಿಲು. ಆಕೆಯ ಹೆಸರು ಎಲ್ಲೂ ಬರಲಿಲ್ಲ. ಬಂದದ್ದು ಆ ಒಂದು ಸಾಲು. ಈಗ ಅದೂ ಹೋಗುತ್ತದೆ, ‘ನಂಬಲರ್ಹವಲ್ಲ’ ಎಂಬ ಹಣೆಪಟ್ಟಿ ಹೊತ್ತು. ಇದನ್ನು ಆಕೆಗೆ ಯಾವ ಬಾಯಲ್ಲಿ ಹೇಳುವುದು?

ಹೇಳಲಿಲ್ಲ. ಬುಧವಾರ ಕಳೆಯಿತು. ಗುರುವಾರ ಬೇಕರಿಗೆ ಇಳಿದರೂ ಬನ್ನು ಮುಟ್ಟಲಿಲ್ಲ. ಮಗಳು ತಾನೇ ಒಂದನ್ನು ಕೈಗಿಟ್ಟು, “ಎಷ್ಟಪ್ಪಾ?” ಎಂದರೆ, “ಇರ್ಬೇಕು, ಸರಿಯಾಗೇ ಇರ್ಬೇಕು” ಎಂದು ವಾಪಸ್ಸು ಇಟ್ಟರು. ಮಗಳು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ತಾಯಿಯ ಬಳಿ ಹೋದಳು.

“ಅಮ್ಮಾ, ಅಪ್ಪಂಗೆ ಹುಷಾರಿಲ್ಲ. ‘ಇರ್ಬೇಕು’ ಅಂದ್ರು.”

ಆಕೆ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದರು. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದು, ಓದು ನಿಂತು, ಬೆರಳಿಗೆ ಸಿಗುವ ಕೆಲಸಗಳನ್ನೆಲ್ಲ ತಾವೇ ಹಚ್ಚಿಕೊಂಡಿದ್ದರು. “ಮೂರು ದಿನದಿಂದ ನೋಡ್ತಿದೀನಿ” ಎಂದರು. “ಕಳ್ಳ ಬೆಕ್ಕು ಹಾಲಿನ ಪಾತ್ರೆ ಸುತ್ತ ತಿರುಗಿದ ಹಾಗೆ ನನ್ನ ಸುತ್ತ ತಿರುಗ್ತಾ ಇದಾರೆ. ಕರಿ ಇಲ್ಲಿಗೆ.”

ತಕ್ಕಡಿಯವರು ಬಂದು ಕೂತರು. ವಯಸ್ಸಿಗೆ ನಡುಗುವ ಕೈಗಳನ್ನು ಮಂಡಿಯ ನಡುವೆ ಇಟ್ಟುಕೊಂಡರು.

“ಏನ್ರೀ ಅದು? ಹೇಳಿಬಿಡಿ. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನೀವು ಜೇಬಲ್ಲಿ ಒಂದು ಕಾಗದ ಇಟ್ಕೊಂಡು ಅರ್ಧ ಗಂಟೆಗೊಂದು ಸಲ ಬಿಡಿಸ್ತೀರ.”

ಅವರು ಹೇಳಿದರು. ಹದಿನೇಳು ನಾಣ್ಯ, ಕೈಬಿಡುವ ಸಾಲು, ಖಾಲಿ ಉಳಿಯುವ ಮೂವತ್ತೊಂದು ಮನೆ, ಎಲ್ಲ ಹೇಳಿ ಕೊನೆಗೆ, “ನಾನೇ ಎಲ್ಲೋ ನಕಲು ಮಾಡುವಾಗ ತಪ್ಪು ಇಳಿಸಿರ್ಬೇಕು ಅಂತ ಅವಳಿಗೆ ಹೇಳಿಬಿಡ್ತೀನಿ” ಎಂದರು.

ಬಟಾಣಿಯ ತಟ್ಟೆ ಪಕ್ಕಕ್ಕೆ ಸರಿಯಿತು. “ಅಂದ್ರೆ ನನ್ನ ಗುಣಾಕಾರ ತಪ್ಪು ಅಂತ ನಿಮ್ಮ ಮನಸ್ಸಲ್ಲಿ.”

“ನಾನು ಹಾಗಂದ್ನಾ?”

“ಅನ್ಲಿಲ್ಲ. ಮೂರು ದಿನ ಅನ್ನದೇ ಇದ್ರಲ್ಲ, ಅದಕ್ಕೆ ಹೇಳಿದ್ದು. ನಾನು! ಗುಣಾಕಾರದಲ್ಲಿ! ಗೂಬೆಮರೀ, ಕೈ ತೊಳ್ಕೊಂಡು ಬಾ. ಹೊಲಿಗೆ ಯಂತ್ರದ ಕೆಳಗಿನ ಡಬ್ಬದಲ್ಲಿ ನೀಲಿ ನೋಟ್‌ಬುಕ್ಕಿದೆ.”

ತಕ್ಕಡಿಯವರು ತಲೆ ಎತ್ತಿದರು. “ಅದಿನ್ನೂ ಇಟ್ಟಿದೀಯಾ?”

“ನೀವು ಚೀಟಿ ಹರಿದು ಬಿಸಾಡೋರು. ಒಬ್ಬರಾದ್ರೂ ಇಡ್ಬೇಕಲ್ಲ.”

ಮಗಳು ನೋಟ್‌ಬುಕ್ ತಂದಳು. ರಟ್ಟಿನ ನೀಲಿ ಬೂದಿಬಣ್ಣಕ್ಕೆ ತಿರುಗಿತ್ತು. ಪಟ್ಟಿಯಲ್ಲಿದ್ದ ೪.೧೭ನ್ನು ಹುಡುಕಲು ಸ್ವಲ್ಪ ಹೊತ್ತಾಯಿತು.

“ಸಿಕ್ತು. ಎಡಗಡೆ ಅರವತ್ತನಾಲ್ಕು ಬಿಂದು ಮೂರು ಗ್ರೇನ್.”

ಆಕೆ ಕಣ್ಣು ಮುಚ್ಚಿದರು. ಬೆರಳುಗಳು ಮಡಿಲಲ್ಲಿ ಆಡಿದವು. “ಅರವತ್ತೈದರಿಂದ... ನಾಲ್ಕು ಸಾವಿರದ ನೂರ ಎಪ್ಪತ್ತೊಂಬತ್ತೂವರೆ. ಐದನೇ ಒಂದು ಭಾಗ ಹನ್ನೆರಡು ಬಿಂದು ಎಂಟು ಆರು ಕಳೆದ್ರೆ... ನಾಲ್ಕು ಬಿಂದು ಒಂದು ಆರು ಆರು. ನಾಲ್ಕು ಬಿಂದು ಒಂದು ಏಳು. ಮುಂದಿಂದು?”

ಮುಂದಿನದೂ ಸರಿ. ಅದರ ಮುಂದಿನದೂ ಸರಿ. ಮಗಳು ಫೋನಿನಲ್ಲಿ ಒತ್ತಿ ತಾಳೆ ನೋಡುವಷ್ಟರಲ್ಲಿ ತಾಯಿ ಇನ್ನೊಂದಕ್ಕೆ ಹೋಗಿರುತ್ತಿದ್ದರು. ಹದಿನೇಳೂ ಸರಿ. ತಕ್ಕಡಿಯವರ ಎದೆಯ ಮೇಲಿಂದ ಒಂದು ಕಲ್ಲು ಇಳಿದು, ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. ಗುಣಾಕಾರ ಸರಿಯಿದ್ದರೆ ತಪ್ಪು ತೂಕದ್ದು.

ಅಷ್ಟರಲ್ಲಿ ಮಗಳು, “ಅಮ್ಮಾ, ಈ ಹದಿನೇಳೂ ಒಂದೇ ಪುಟದಲ್ಲಿವೆ. ಮತ್ತೆ ಪ್ರತಿಯೊಂದರ ಕೆಳಗೂ ಒಂದು ಚುಕ್ಕೆ ಇಟ್ಟಿದೀಯ. ಬೇರೆ ಯಾವ ಪುಟದಲ್ಲೂ ಇಲ್ಲ” ಎಂದಳು.

ಆಕೆ ನಕ್ಕರು. “ಇಟ್ಟಿರ್ತೀನಿ. ಬೇರೆ ದಿನದ ಗೂಬೆಗಳೆಲ್ಲ ನಾಲ್ಕು ಬಿಂದು ಮೂರರ ಆಸುಪಾಸು ಬರ್ತಿದ್ವು. ಆ ಒಂದು ದಿನದವು ಮಾತ್ರ ಎಲ್ಲಾ ಸೊರಗಿದ್ವು. ಯಾಕೆ ಅಂತ ನಿಮ್ಮಪ್ಪನ್ನ ಕೇಳ್ದೆ. ಏನಂದ್ರು ಗೊತ್ತಾ? ‘ಎರಡು ಸಾವಿರ ವರ್ಷ ಬದುಕಿದ್ರೆ ನೀನೂ ಸೊರಗ್ತೀಯ’ ಅಂದ್ರು. ನಾನು ಎರಡು ತಿಂಗಳ ಬಾಣಂತಿ, ಬಾಕಿ ಬಿದ್ದಿದ್ದ ಚೀಟಿಗಳನ್ನ ಮುಗಿಸ್ತಿದ್ದೆ, ಆಗ್ಲೇ ಸೊರಗಿದ್ದೆ. ಜಗಳ ಆಡೋಕೆ ತ್ರಾಣ ಇರ್ಲಿಲ್ಲ. ಸುಮ್ನೆ ಚುಕ್ಕೆ ಇಟ್ಟೆ.”

“ನಾನು ಹಾಗಂದಿದ್ದೆನಾ?” ಎಂದರು ತಕ್ಕಡಿಯವರು, ಮೆಲ್ಲಗೆ.

“ಅಂದಿದ್ರಿ. ತೂಕದ ವಿಷಯದಲ್ಲಿ ನಿಮ್ಮನ್ನ ಕೇಳೋಕೆ ಆಗ ಯಾರಿಗೆ ಧೈರ್ಯ?”

“ಅಪ್ಪಾ” ಎಂದಳು ಮಗಳು. ಅವಳ ದನಿ ಬದಲಾಗಿತ್ತು. “ಪುಟದ ಮೇಲಿನ ತಾರೀಖು ನೋಡು. ಇದು ನಾನು ಹುಟ್ಟಿದ ದಿನ.”

ಕೆಳಗೆ ಬೇಕರಿಯ ಬಾಗಿಲ ಗಂಟೆ ಒಮ್ಮೆ ಬಾರಿಸಿ ಸುಮ್ಮನಾಯಿತು.

ತಕ್ಕಡಿಯವರಿಗೆ ಆ ಮಧ್ಯಾಹ್ನ ಒಂದೊಂದಾಗಿ ಹಿಂದಕ್ಕೆ ಬಂತು. ಹರಿವಾಣದ ತುಂಬ ಗೂಬೆಗಳು ತೂಕಕ್ಕೆ ಕಾದಿದ್ದವು. ಕೋಣೆಗಳ ಬೀಗದ ಕೈ ಇಟ್ಟುಕೊಳ್ಳುವ ಜವಾನ ಬಾಗಿಲು ತಟ್ಟದೆ ಓಡಿಬಂದು, “ಹೆಣ್ಣು ಮಗು! ಇಬ್ಬರೂ ಚೆನ್ನಾಗಿದಾರಂತೆ!” ಎಂದು ಕೂಗಿ, ಅವರು ಬೇಡವೆನ್ನುವ ಮೊದಲೇ ಸಕ್ಕರೆ ಪಾಕದ ಅಂಟು ಮಿಠಾಯಿಯೊಂದನ್ನು ಬಾಯಿಗೆ ತುರುಕಿದ್ದ. ಪಾಕ ಬೆರಳಿಗೆ ಇಳಿದಿತ್ತು. ಅರ್ಧಕ್ಕೆ ಬಿಟ್ಟು ಏಳುವುದು ಅವರ ಪದ್ಧತಿಯಲ್ಲ. ಆ ಗೂಬೆಗಳನ್ನೆಲ್ಲ ತೂಗಿ ಮುಗಿಸಿಯೇ ಆಸ್ಪತ್ರೆಗೆ ಓಡಿದರು. ಓಡುವ ಮುಂಚೆ ಬಟ್ಟುಗಳ ಪೆಟ್ಟಿಗೆ ಮುಚ್ಚುವಾಗ...

“ರೇಕು” ಎಂದರು. “ಎರಡು ಗ್ರೇನಿನ ರೇಕು.”

“ಯಾವ ರೇಕು?”

“ಸಣ್ಣ ತೂಕಕ್ಕೆ ಬಟ್ಟಿರಲ್ಲ, ಉಗುರಿನಷ್ಟು ತಗಡಿನ ರೇಕು. ಚಿಮಟದಲ್ಲೇ ಎತ್ತಬೇಕು. ಆವತ್ತು ಪೆಟ್ಟಿಗೆಯಲ್ಲಿ ಎರಡು ಗ್ರೇನಿನದು ಇರಲಿಲ್ಲ. ನೆಲದ ಮೇಲೆಲ್ಲ ಹುಡುಕ್ದೆ, ಸಿಗಲಿಲ್ಲ. ಆಮೇಲೆ ನಾನೇ ಹೊಸದು ಕತ್ತರಿಸಿ ಇಟ್ಟೆ.”

ಆಕೆ ಆಗಲೇ ಬೆರಳು ಮಡಿಸುತ್ತಿದ್ದರು. “ಆ ಹುಡುಗಿ ಹೇಳಿದ ವ್ಯತ್ಯಾಸ ಎಷ್ಟು?”

“ಪಾಯಿಂಟ್ ಒಂದು ಮೂರು.”

“ಎರಡು ಗ್ರೇನ್ ಅಂದ್ರೆ ಎಷ್ಟು? ಪಾಯಿಂಟ್ ಒಂದು ಎರಡು ಒಂಬತ್ತು ಆರು. ರೀ, ನಿಮ್ಮ ರೇಕು ಕಳೆದುಹೋಗಿರ್ಲಿಲ್ಲ. ತಕ್ಕಡಿ ಮೇಲೇ ಇತ್ತು. ಬಟ್ಟಿನ ಕಡೆ ತಟ್ಟೇಲಿ ಇದ್ರೆ ಎರಡು ಗ್ರೇನ್ ಕಡಿಮೆ ಹಾಕಿದ್ರೂ ಮುಳ್ಳು ನಡುವೆ ನಿಲ್ಲುತ್ತೆ.”

“ತಟ್ಟೆಯಲ್ಲಿ ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ?” ಎಂದವರು ಅಲ್ಲಿಗೇ ನಿಂತರು. ಮುಖ ಕೆಂಪಾಯಿತು. ಎಪ್ಪತ್ತಾರು ವರ್ಷದ ಮುಖದಲ್ಲಿ ಶಾಲೆಯ ಹುಡುಗನ ನಾಚಿಕೆ. “ತಟ್ಟೆ ಮೇಲೆ ಒಂದು ತೊಟ್ಟು ಪಾಕ ಬಿದ್ದಿತ್ತು. ಅಂಟು ಬೆರಳಲ್ಲೇ ಎತ್ತಿ ಒರೆಸಿ, ರೇಕುಗಳಿದ್ದ ಮೇಜಿನ ಮೇಲೆ ಒಂದು ಗಳಿಗೆ ಇಟ್ಟು, ಮತ್ತೆ ಚೌಕಟ್ಟಿನಲ್ಲಿ ಕೂರಿಸ್ದೆ.”

“ತಟ್ಟೆ ಎತ್ತಿದ್ರಾ? ನೀವಾ?” ಆಕೆ ಗಲ್ಲಕ್ಕೆ ಕೈ ಇಟ್ಟರು. “ಆ ಗುಡಿಸೋಳು ಪಾಪ ಎಷ್ಟು ವರ್ಷ ಬೆನ್ನು ತಿರುಗಿಸಿ ಓಡಾಡಿದ್ಲು!”

ಮರುದಿನ ಶುಕ್ರವಾರ ಬೇಕರಿಗೆ ಅರ್ಧ ದಿನ ಬಾಗಿಲು ಹಾಕಿ ಮೂವರೂ ವಸ್ತುಸಂಗ್ರಹಾಲಯಕ್ಕೆ ಹೋದರು. ಆಕೆ ಮಗಳ ತೋಳು ಹಿಡಿದು ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿದರು, ಇಪ್ಪತ್ತಾರು. ತಕ್ಕಡಿಯವರು ಅಧಿಕಾರಿಗೆ ಎಲ್ಲವನ್ನೂ ಹೇಳಿದರು, ಮಿಠಾಯಿಯನ್ನೂ ಬಿಡದೆ. ಅವಳು ನಗಲಿಲ್ಲ, ನೋಟ್‌ಬುಕ್ಕಿನ ಆ ಪುಟವನ್ನು ತನ್ನ ಹಾಳೆಯ ಪಕ್ಕ ಇಟ್ಟು ಬೆರಳಾಡಿಸುತ್ತ ಹೋದಳು. ನಡುವೆ ನಿಂತಳು.

“ಅಮ್ಮಾ, ನಾನು ಹದಿನೇಳು ಅಂದೆ. ನಿಮ್ಮ ಚುಕ್ಕೆಗಳು ಹತ್ತೊಂಬತ್ತಿವೆ.”

“ಆ ದಿನ ಹತ್ತೊಂಬತ್ತೇ ಸೊರಗಿದ್ದು.”

“ಉಳಿದೆರಡು ಆ ಮೂವತ್ತೊಂದರಲ್ಲಿ ಹೋದವು!” ಎಂದು ಅಧಿಕಾರಿ ಎದ್ದುನಿಂತಳು. “ಅವನ್ನ ಇನ್ನು ಯಾರೂ ತೂಗೋಕಾಗಲ್ಲ. ನಿಮ್ಮ ಚುಕ್ಕೆ ಇಲ್ಲದಿದ್ರೆ ಅವೂ ತಪ್ಪು ಅಂತ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಆದ್ರೆ ಸರ್, ಮಂಡಳಿಯವರಿಗೆ ತೋರಿಸೋಕೆ ಏನಾದ್ರೂ ಇದ್ದಿದ್ರೆ... ಮರುದಿನದಿಂದ ತೂಕ ಯಾಕೆ ಸರಿಹೋಯ್ತು?”

“ಮೂರು ದಿನ ರಜೆ ಹಾಕಿ ಬಂದು ನೋಡಿದ್ರೆ ಮುಳ್ಳು ಒಂದು ಕಡೆ ವಾಲಿತ್ತು. ಹವೆಯ ದೋಷ ಅಂದ್ಕೊಂಡು ದಂಡದ ತಿರುಪು ತಿರುಗಿಸಿ ನಡುವೆ ತಂದೆ. ರೇಕಿನ ಭಾರವನ್ನ ತಿರುಪು ನುಂಗಿಬಿಡ್ತು. ಆಮೇಲೆ ಆ ತಟ್ಟೆ ಎತ್ತಿದವರು ಯಾರೂ ಇಲ್ಲ.” ಸ್ವಲ್ಪ ತಡೆದು, “ಎತ್ತಬಾರದು ಅಂತ ಕಟ್ಟಳೆ ಇತ್ತಲ್ಲ” ಎಂದರು.

ಓಣಿಯಲ್ಲಿದ್ದ ಗಾಜಿನ ಗೂಡಿನ ಬೀಗ ತೆಗೆಸಲಾಯಿತು. ತಕ್ಕಡಿಯವರು ಕೈ ಚಾಚಿದರು. ಬೆರಳುಗಳು ಎಲೆಯಂತೆ ನಡುಗಿದವು, ಹಿಂದಕ್ಕೆ ಎಳೆದುಕೊಂಡರು.

“ನೀನೇ ಎತ್ತಮ್ಮ” ಎಂದರು ಅಧಿಕಾರಿಗೆ. “ಬಲಗಡೆಯದು. ನೇರವಾಗಿ ಮೇಲಕ್ಕೆ, ಅಲುಗಿಸದೆ.”

ಅವಳು ಎತ್ತಿ ಮಗುಚಿದಳು. ತಟ್ಟೆಯ ಹೊಟ್ಟೆಯಡಿ, ಚೌಕಟ್ಟಿನ ಬಳೆ ಕೂರುವ ಜಾಗದಲ್ಲಿ, ಕಪ್ಪಾದ ಪಾಕದ ಕಲೆಯ ನಡುವೆ ಒಂದು ಪುಟ್ಟ ಚೌಕದ ರೇಕು ಅಂಟಿಕೊಂಡಿತ್ತು. ಒಂದು ಮೂಲೆ ಚಿಮಟಕ್ಕೆ ಸಿಗುವಂತೆ ಮೇಲಕ್ಕೆ ಮಡಚಿಕೊಂಡಿತ್ತು. ಮೂವತ್ತೆಂಟು ವರ್ಷ ಅದು ಅಲ್ಲೇ ಇತ್ತು.

ಫೋಟೋ ತೆಗೆದು, ಬಿಡಿಸಿ, ನೀರಿನಲ್ಲಿ ತೊಳೆದು ವಿದ್ಯುತ್ ತಕ್ಕಡಿಯ ಮೇಲೆ ಇಟ್ಟಾಗ ೦.೧೩ ಎಂದು ಹೊಳೆಯಿತು. ಅಧಿಕಾರಿ ಓದಿ ಹೇಳಿದಳು.

“ನಿಮ್ಮ ಯಂತ್ರ ಕೊನೆಯ ಎರಡು ಅಂಕಿ ನುಂಗಿದೆ ಮಗಳೇ” ಎಂದರು ಆಕೆ. “ಇರ್ಲಿ, ಪಾಪ, ಅದಕ್ಕೆ ಅಷ್ಟೇ ಬರೋದು.”

ಈಗ ಅಧಿಕಾರಿ ನಕ್ಕಳು, ಕಣ್ಣೊರೆಸಿಕೊಳ್ಳುವಷ್ಟು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು, “ಅಮ್ಮಾ, ನಿಮ್ಮ ಪೂರ್ತಿ ಹೆಸರು ಹೇಳಿ. ಹಳೆಯ ಸಾಲು ಇರುತ್ತೆ. ಯಾರು ಪರಿವರ್ತಿಸಿದ್ದು ಅಂತಲೂ ಇರಬೇಕು” ಎಂದಳು.

ಆಕೆ ಗಂಡ ಇದ್ದ ಕಡೆ ಮುಖ ತಿರುಗಿಸಿದರು. ತಕ್ಕಡಿಯವರು ಆಕೆಯ ಹೆಸರನ್ನು ತಂದೆಯ ಹೆಸರಿನ ಸಮೇತ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರು. ಅಧಿಕಾರಿ ಬರೆದದ್ದನ್ನು ಬಗ್ಗಿ ಎರಡು ಸಲ ನೋಡಿದರು.

ಹೊರಡುವ ಮುಂಚೆ ಅಧಿಕಾರಿ ಚುಕ್ಕೆಯ ಮೊದಲನೆಯ ಗೂಬೆಯನ್ನು ತಂದು ಆಕೆಯ ಅಂಗೈಯಲ್ಲಿಟ್ಟಳು. ಆಕೆ ಇನ್ನೊಂದು ಕೈಯ ಬೆರಳಿನಿಂದ ಅದರ ಅಂಚು ಸವರಿ, ಕಣ್ಣು, ಕೊಕ್ಕು ಹುಡುಕಿದರು.

“ಇಷ್ಟೇನಾ?” ಎಂದರು ಬೆರಗಿನಿಂದ. “ನಾನು ತಟ್ಟೆಯಷ್ಟಗಲ ಅಂದ್ಕೊಂಡಿದ್ದೆ. ಇಷ್ಟು ಪುಟ್ಟದಕ್ಕಾ ನೀವು ದಿನಾ ಊಟಕ್ಕೆ ತಡವಾಗಿ ಬರ್ತಿದ್ದಿದ್ದು?”

ನಾಲ್ಕು ತಿಂಗಳ ಮೇಲೆ ಪುಸ್ತಕ ಬಂತು. ಮಗಳು ಬೇಕರಿಯ ಕಟ್ಟೆಯ ಮೇಲೆ ಹಿಟ್ಟು ಒರೆಸಿ ಅದನ್ನು ಬಿಚ್ಚಿ, ಮುನ್ನುಡಿಯಲ್ಲಿ ತಾಯಿಯ ಹೆಸರಿದ್ದ ಸಾಲನ್ನು ಜೋರಾಗಿ ಓದಿದಳು. ಗಿರಾಕಿಗಳು ಬನ್ನು ಹಿಡಿದುಕೊಂಡೇ ಕೇಳಿದರು. ಆಕೆ ಇನ್ನೊಮ್ಮೆ ಓದಿಸಿದರು. ಕಣ್ಣಿನ ಶಸ್ತ್ರಚಿಕಿತ್ಸೆ ಮುಂದಿನ ವಾರ. “ಆಮೇಲೆ ನಾನೇ ಓದ್ಕೋತೀನಿ, ನೀನು ಒತ್ತು ನುಂಗ್ತೀಯ” ಎಂದರು.

ತಕ್ಕಡಿಯವರು ಪುಸ್ತಕವನ್ನು ತೆರೆಯಲಿಲ್ಲ. ಎರಡೂ ಕೈಗಳಲ್ಲಿ ಎತ್ತಿ, ಒಮ್ಮೆ ಮೇಲೆ ಕೆಳಗೆ ಆಡಿಸಿದರು.

“ಎಂಟುನೂರು ಗ್ರಾಂ.”

“ಗ್ರೇನಿನಲ್ಲಿ ಹೇಳಿ ನೋಡೋಣ.”

“ಅದು ನಿನ್ನ ಕೆಲಸ ಕಣೇ.”

ಆಕೆ ಕಣ್ಣು ಮುಚ್ಚಿದರು. ಬೆರಳುಗಳು ಮಡಿಲಲ್ಲಿ ಆಡಿದವು. “ಹನ್ನೆರಡು ಸಾವಿರದ ಮುನ್ನೂರ ನಲವತ್ತೈದು. ಮೇಲೆ ಚೂರು.”

“ಒಂದು ಎರಡು ಮೂರು ನಾಲ್ಕು ಐದು! ಸುಮ್ನೆ ತಮಾಷೆ ಮಾಡ್ಬೇಡಮ್ಮ” ಎಂದ ಮಗಳು, ಹಿಟ್ಟಿನ ಬೆರಳಲ್ಲೇ ಫೋನು ಒತ್ತಿ ನೋಡಿ, ಬಾಯಿ ಮುಚ್ಚಿಕೊಂಡು ಬನ್ನು ಕಟ್ಟಲು ಹೋದಳು.